ಬುಟ್ಟಿಗೆ ಬಿದ್ದದ್ದೆಲ್ಲ ಒಳ್ಳೆಯ ಎಸೆತವೆ?



ಗೆದ್ದೆತ್ತಿನ ಬಾಲ ಹಿಡಿಯುವುದು ಎಂಬ ಮಾತು ನಮ್ಮಲ್ಲಿ ಬಹಳ ಹಿಂದಿನಿಂದ ಬಂದಿದೆ. ಎತ್ತು ಗೆದ್ದ ಮೇಲೆ ಅದರ ತಳಿ, ಅದರ ಮೇವು, ಅದರ ಯಜಮಾನನ ಜಾಣ್ಮೆ ಎಲ್ಲವೂ ನಮಗೆ ಮೆಚ್ಚಿಗೆಯಾಗುತ್ತದೆ. ಅದೇ ಎತ್ತು ಸೋತಿದ್ದರೆ ಅದೇ ಮೇವಿನಲ್ಲಿ ನೂರು ದೋಷ ಕಾಣುತ್ತಿದ್ದೆವು. ಆಟ ನೋಡುವವರ ವಾದಗಳಲ್ಲಿ ಬಹುಪಾಲು ಈ ಬಾಲ ಹಿಡಿಯುವ ವಾದಗಳೇ. ಇಂದು ನಾನು ಮಾತನಾಡಲು ಆರಿಸಿಕೊಂಡಿರುವುದು ಅಂಥ ಒಂದು ವಾದವನ್ನು: ಅಮೆರಿಕದ ಲಾಸ್ ಏಂಜಲೀಸ್ ಲೇಕರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಅಭಿಮಾನಿಗಳು 2010ರಲ್ಲಿ ತಮ್ಮದೇ ಆಟಗಾರರ ಬಗ್ಗೆ ನಡೆಸಿದ ಚರ್ಚೆ. ಯಾರು ಎಸೆಯಬೇಕು, ಯಾವಾಗ ಎಸೆಯಬೇಕು, ಯಾರು ಎಸೆಯದೆ ಇರಬೇಕು ಎಂಬುದು ಆ ಚರ್ಚೆಯ ತಿರುಳು.

ಈ ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಮೈದಾನದಲ್ಲಿ ಪ್ರತಿ ತಂಡಕ್ಕೆ ಐದು ಮಂದಿ. ನೆಲದಿಂದ 3.05 ಮೀಟರ್ ಎತ್ತರದಲ್ಲಿ 45.7 ಸೆಂಟಿಮೀಟರ್ ಅಗಲದ ಒಂದು ಬಳೆ. ಅದರೊಳಗೆ ಚೆಂಡು ಬಿದ್ದರೆ ಎರಡು ಅಂಕ. ದೂರದ ಕಮಾನಿನ ಗೆರೆಯ ಆಚೆಯಿಂದ ಎಸೆದು ಬೀಳಿಸಿದರೆ ಮೂರು. ಅಮೆರಿಕದ ಎನ್.ಬಿ.ಎ. ಪಂದ್ಯಾವಳಿಯಲ್ಲಿ ಈ ಮೂರಂಕದ ಗೆರೆ ಬಂದದ್ದು 1979ರಲ್ಲಿ. ಗೆರೆಯ ಬಹುಭಾಗ ಬಳೆಯಿಂದ 7.24 ಮೀಟರ್ ದೂರದಲ್ಲಿದೆ. ಎರಡು ಮೂಲೆಗಳಲ್ಲಿ ಸ್ವಲ್ಪ ಹತ್ತಿರ.

ಇದಕ್ಕಿಂತ ಮುಖ್ಯವಾದದ್ದು ಗಡಿಯಾರ. ಚೆಂಡು ಕೈಗೆ ಬಂದ 24 ಸೆಕೆಂಡುಗಳೊಳಗೆ ತಂಡ ಬುಟ್ಟಿಯತ್ತ ಎಸೆಯಲೇಬೇಕು. ಈ ನಿಯಮದ ಹಿಂದೆ ಒಂದು ಸ್ವಾರಸ್ಯವಿದೆ. 1950ರ ನವೆಂಬರ್ 22ರಂದು ನಡೆದ ಒಂದು ಪಂದ್ಯ 19-18ರಲ್ಲಿ ಮುಗಿಯಿತು. ಮುನ್ನಡೆ ಸಾಧಿಸಿದ ತಂಡ ಚೆಂಡನ್ನು ಹಿಡಿದುಕೊಂಡು ನಿಂತರೆ ಎದುರಾಳಿ ಏನೂ ಮಾಡುವಂತಿರಲಿಲ್ಲ. ಅಂದು ಸೋತ ತಂಡ ಇದೇ ಲೇಕರ್ಸ್. ಆಗ ಅದರ ಊರು ಮಿನಿಯಾಪೊಲಿಸ್. ಲಾಸ್ ಏಂಜಲೀಸಿಗೆ ಅದು ಬಂದದ್ದು 1960ರಲ್ಲಿ. ಪ್ರೇಕ್ಷಕರು ಬೇಸತ್ತು ಹೋಗುತ್ತಿದ್ದುದನ್ನು ಕಂಡ ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಒಂದು ಸರಳ ಲೆಕ್ಕ ಹಾಕಿದರು. ಚೆನ್ನಾಗಿ ನಡೆದ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಬಾರಿ ಎಸೆಯುತ್ತವೆ. ಪಂದ್ಯದ ಅವಧಿ 48 ನಿಮಿಷ, ಅಂದರೆ 2,880 ಸೆಕೆಂಡು. ಭಾಗಿಸಿದರೆ 24. ಹೀಗೆ 1954ರಲ್ಲಿ ಈ ನಿಯಮ ಜಾರಿಗೆ ಬಂತು.

ಈ ಭಾಗಾಕಾರದಲ್ಲೇ ಎಲ್ಲ ಜಗಳದ ಬೀಜವೂ ಇದೆ. ಎಸೆತಗಳ ಸಂಖ್ಯೆಗೆ ಒಂದು ಮಿತಿ ಬಿತ್ತು. ಈಗಿನ ಕಾಲದಲ್ಲಿ ಒಂದು ತಂಡಕ್ಕೆ ಪಂದ್ಯವೊಂದರಲ್ಲಿ ಸುಮಾರು 80, 90 ಎಸೆತಗಳು ದೊರೆಯುತ್ತವೆ. ಅದು ಕೂಡುಕುಟುಂಬದ ಕಣಜವಿದ್ದಂತೆ. ಒಬ್ಬ ಒಂದು ಸೇರು ತೆಗೆದರೆ ಉಳಿದವರ ಪಾಲಿನಿಂದಲೇ ತೆಗೆದಂತಾಯಿತು. ಆದುದರಿಂದ ಪ್ರತಿ ಎಸೆತಕ್ಕೂ ಎರಡು ಪ್ರಶ್ನೆಗಳಿವೆ. ಬಿತ್ತೇ ಇಲ್ಲವೇ ಎಂಬುದು ಒಂದು. ಎಸೆಯಬೇಕಿತ್ತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಫಲಕದ ಮೇಲೆ ಮೂಡುತ್ತದೆ. ಎರಡನೆಯದನ್ನು ನಾವೇ ಯೋಚಿಸಿ ಕಂಡುಕೊಳ್ಳಬೇಕು.

ಈಗ 2010ರ ಲೇಕರ್ಸ್ ತಂಡಕ್ಕೆ ಬರೋಣ. ತಂಡದ ನಾಯಕತಾರೆ ಕೋಬಿ ಬ್ರಯಂಟ್. ಆ ಋತುವಿನಲ್ಲಿ ಅವರ ಸರಾಸರಿ ಪಂದ್ಯಕ್ಕೆ 27 ಅಂಕ. ಎಸೆದ ನೂರರಲ್ಲಿ ಸುಮಾರು 46 ಬುಟ್ಟಿಗೆ ಬೀಳುತ್ತಿದ್ದವು. ಬಳೆಯ ಹತ್ತಿರ ಆಡುವ ಸ್ಪೇನ್ ದೇಶದ ಎತ್ತರದ ಆಟಗಾರ ಪಾವ್ ಗಸೋಲ್ ಎಸೆದ ನೂರರಲ್ಲಿ ಸುಮಾರು 54 ಬೀಳುತ್ತಿದ್ದವು. ಇವರೊಂದಿಗೆ ಹಿರಿಯ ಆಟಗಾರ ಡೆರೆಕ್ ಫಿಶರ್, ಯುವಕ ಆಂಡ್ರ್ಯೂ ಬೈನಮ್, ಬದಲಿಯಾಗಿ ಬಂದು ಆಟ ತಿರುಗಿಸಬಲ್ಲ ಲಾಮಾರ್ ಓಡಮ್. 2009ರ ಬೇಸಿಗೆಯಲ್ಲಿ ಹೊಸದಾಗಿ ಸೇರಿದವರು ರಾನ್ ಆರ್ಟೆಸ್ಟ್. ಎದುರಾಳಿಯ ಉತ್ತಮ ಆಟಗಾರನನ್ನು ಕಟ್ಟಿಹಾಕುವುದರಲ್ಲಿ ಇವರು ಪ್ರಸಿದ್ಧರು. ಕೇವಲ ಎರಡು ವರ್ಷ ಹಿಂದೆ ಸ್ಯಾಕ್ರಮೆಂಟೊ ತಂಡದಲ್ಲಿ ಸರಾಸರಿ 20ಕ್ಕೂ ಹೆಚ್ಚು ಅಂಕ ಗಳಿಸುತ್ತಿದ್ದವರು ಇಲ್ಲಿ 11 ಅಂಕಕ್ಕೆ ಇಳಿದರು. ಅಂದರೆ ಅವರ ಪಾತ್ರ ಬದಲಾಗಿತ್ತು. ಪಾತ್ರ ಬದಲಾದಷ್ಟು ಬೇಗ ಕೈಯ ಅಭ್ಯಾಸ ಬದಲಾಗುವುದಿಲ್ಲ. ಕಷ್ಟ ಬಂದದ್ದು ಅಲ್ಲೇ.

ತರಬೇತುದಾರ ಫಿಲ್ ಜಾಕ್ಸನ್. ಅವರ ಆಟದ ಕ್ರಮಕ್ಕೆ ತ್ರಿಕೋನ ಪದ್ಧತಿ ಎಂದು ಹೆಸರು. ಅದನ್ನು ರೂಪಿಸಿ ಬೆಳೆಸಿದವರು ಅವರ ಹಿರಿಯ ಸಹಾಯಕ ಟೆಕ್ಸ್ ವಿಂಟರ್. ಮೈದಾನದ ಒಂದು ಬದಿಯಲ್ಲಿ ಮೂವರು ತ್ರಿಕೋನಾಕಾರವಾಗಿ ನಿಲ್ಲುತ್ತಾರೆ, ಇನ್ನೊಂದು ಬದಿಯಲ್ಲಿ ಇಬ್ಬರು. ಇಂಥವನೇ ಎಸೆಯಬೇಕೆಂದು ಮೊದಲೇ ಗೊತ್ತು ಮಾಡುವುದಿಲ್ಲ. ಎದುರಾಳಿ ಯಾರನ್ನು ಬಿಟ್ಟುಕೊಡುತ್ತಾನೋ ಅವನಿಗೆ ಚೆಂಡು ಹೋಗಬೇಕು. ಇದು ಪುಸ್ತಕದಲ್ಲಿ ಸೊಗಸಾಗಿ ಕಾಣುವ ವ್ಯವಸ್ಥೆ. ಆದರೆ ಎದುರಾಳಿ ಬೇಕೆಂದೇ ಆರ್ಟೆಸ್ಟ್ ಅವರನ್ನು ಬಿಟ್ಟುಕೊಟ್ಟರೆ? ‘ಎಸೆ, ನೋಡೋಣ’ ಎಂದು ದೂರ ನಿಂತರೆ? ಆಗ ಖಾಲಿ ನಿಂತವನು ಎಸೆಯುವುದೇ ಎದುರಾಳಿಯ ಬಯಕೆಯಾಗಿರುತ್ತದೆ.

ಅಭಿಮಾನಿಗಳಲ್ಲಿ ಸ್ಥೂಲವಾಗಿ ಮೂರು ಪಂಗಡಗಳಿದ್ದವು. ಕೋಬಿ ಅತಿಯಾಗಿ ಎಸೆಯುತ್ತಾರೆ, ಚೆಂಡು ಗಸೋಲ್ ಕೈಗೆ ಹೋಗಲಿ ಎನ್ನುವವರು ಮೊದಲನೆಯವರು. ಕೋಬಿ ಎಸೆಯದೆ ಹೋದರೆ ಇನ್ನಾರು ಗೆಲ್ಲಿಸುತ್ತಾರೆ ಎನ್ನುವವರು ಎರಡನೆಯವರು. ಅವರಿಬ್ಬರ ವಿಷಯ ಹಾಗಿರಲಿ, ಆರ್ಟೆಸ್ಟ್ ದೂರದಿಂದ ಎಸೆಯುವುದನ್ನು ಮೊದಲು ನಿಲ್ಲಿಸಿ ಎನ್ನುವವರು ಮೂರನೆಯವರು.

ಈ ವಾದಕ್ಕೆ ಹಳೆಯ ಬೇರುಗಳಿದ್ದವು. 2004ರ ಅಂತಿಮ ಸರಣಿಯಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ವಿರುದ್ಧ ಲೇಕರ್ಸ್ 4-1ರಿಂದ ಸೋತಿತು. ಆಗ ತಂಡದಲ್ಲಿದ್ದ ದೈತ್ಯದೇಹಿ ಶಕೀಲ್ ಓನೀಲ್ ಎಸೆದ 84ರಲ್ಲಿ 53 ಬಿದ್ದವು. ಕೋಬಿ ಎಸೆದ 113ರಲ್ಲಿ ಬಿದ್ದದ್ದು 43. ನೂರಕ್ಕೆ 63 ಬೀಳಿಸುವವನಿಗೆ ಕಡಿಮೆ, ನೂರಕ್ಕೆ 38 ಬೀಳಿಸುವವನಿಗೆ ಹೆಚ್ಚು. ಇದೆಂಥ ನ್ಯಾಯ ಎಂದು ಅಭಿಮಾನಿಗಳು ಕೇಳಿದರು. ಆದರೆ ಎರಡು ವರ್ಷಗಳ ಬಳಿಕ, 2006ರ ಮೇ 6ರಂದು, ಫೀನಿಕ್ಸ್ ಸನ್ಸ್ ವಿರುದ್ಧದ ನಿರ್ಣಾಯಕ ಏಳನೆಯ ಪಂದ್ಯದಲ್ಲಿ ಕೋಬಿ ದ್ವಿತೀಯಾರ್ಧದಲ್ಲಿ ಎಸೆದದ್ದು ಮೂರೇ ಬಾರಿ. ತಂಡ 121-90ರಿಂದ ಸೋತಿತು. ಆಗ ಅದೇ ಜನ ‘ಏಕೆ ಎಸೆಯಲಿಲ್ಲ?’ ಎಂದು ಕೇಳಿದರು. ಎಸೆದರೂ ದೋಷ, ಎಸೆಯದಿದ್ದರೂ ದೋಷ. ಎರಡು ಬಾರಿಯೂ ಸಮಾನವಾಗಿದ್ದದ್ದು ಒಂದೇ ಅಂಶ: ತಂಡ ಸೋತಿತ್ತು.

ಈಗ 2010ರ ಮೇ 27ಕ್ಕೆ ಬರೋಣ. ಮತ್ತೆ ಅದೇ ಫೀನಿಕ್ಸ್ ಎದುರಾಳಿ. ಸರಣಿ 2-2ರಲ್ಲಿ ನಿಂತಿದೆ. ಐದನೆಯ ಪಂದ್ಯ ಮುಗಿಯಲು ಸುಮಾರು ಒಂದು ನಿಮಿಷ. ಲೇಕರ್ಸ್ 101-98ರಿಂದ ಮುಂದಿದೆ. ಒಂದು ಎಸೆತ ತಪ್ಪಿತು, ಆದರೆ ಪುಟಿದ ಚೆಂಡು ಮತ್ತೆ ಲೇಕರ್ಸ್ ಕೈಗೇ ಬಂತು. ಆಗಿನ ನಿಯಮದಂತೆ ಗಡಿಯಾರ 24ಕ್ಕೆ ಮರಳಿತು. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಸಣ್ಣ ಹುಡುಗರಿಗೂ ಗೊತ್ತು: ಚೆಂಡನ್ನು ಹಿಡಿದುಕೊಂಡು ಸಮಯ ಕಳೆಯಬೇಕು. ಆದರೆ ಗಡಿಯಾರದಲ್ಲಿ ಇನ್ನೂ 22 ಸೆಕೆಂಡು ಇರುವಾಗಲೇ ಆರ್ಟೆಸ್ಟ್ ದೂರದಿಂದ ಎಸೆದುಬಿಟ್ಟರು. ಚೆಂಡು ಬೀಳಲಿಲ್ಲ. ಇಡೀ ಕ್ರೀಡಾಂಗಣ ತಲೆ ಚಚ್ಚಿಕೊಂಡಿತು. ಕೊನೆಯ ಕೆಲವು ಸೆಕೆಂಡುಗಳಲ್ಲಿ ಫೀನಿಕ್ಸ್‌ನ ಜೇಸನ್ ರಿಚರ್ಡ್‌ಸನ್ ಎಸೆದ ಮೂರಂಕದ ಚೆಂಡು ಹಿಂದಿನ ಹಲಗೆಗೆ ಬಡಿದು ಬುಟ್ಟಿಯೊಳಗೆ ಬಿತ್ತು. 101-101.

ಮುಂದೆ ನಡೆದದ್ದು ಕಥೆಯಂತಿದೆ. ಕೊನೆಯ ಎಸೆತ ಕೋಬಿಯದು. ಅದು ಬಳೆಯನ್ನು ಮುಟ್ಟದೆ ಕೆಳಗೆ ಬರುವಷ್ಟರಲ್ಲಿ ಒಬ್ಬರು ಮಧ್ಯೆ ನುಗ್ಗಿ ಚೆಂಡನ್ನು ಹಿಡಿದು, ಅವಧಿ ಮುಗಿಯುವ ಗಂಟೆಯೊಂದಿಗೇ ಅದನ್ನು ಬುಟ್ಟಿಗೆ ಹಾಕಿದರು. ಅವರು ಆರ್ಟೆಸ್ಟ್. ಲೇಕರ್ಸ್ 103, ಫೀನಿಕ್ಸ್ 101. ಒಂದು ನಿಮಿಷದ ಹಿಂದೆ ಶಪಿಸಿದವರೇ ಈಗ ಅವರ ಹೆಸರು ಹಿಡಿದು ಕೂಗಿದರು.

ವೀಕ್ಷಕರೆ, ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಗೆಲುವು ಬಂದದ್ದರಿಂದ ಆ ಮೊದಲಿನ ಎಸೆತ ಒಳ್ಳೆಯದಾಯಿತೆ? ಖಂಡಿತ ಇಲ್ಲ. ಅದು ಬುಟ್ಟಿಗೆ ಬಿದ್ದಿದ್ದರೂ ಒಳ್ಳೆಯ ಎಸೆತವಾಗುತ್ತಿರಲಿಲ್ಲ. ಮೂರಂಕದ ಗೆರೆಯಿಂದ ಹೊರಟ ಚೆಂಡು ಬಳೆ ತಲುಪಲು ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ಎಸೆತದ ಯೋಗ್ಯತೆ ಏನಿದ್ದರೂ ಆ ಸೆಕೆಂಡು ಆರಂಭವಾಗುವ ಮೊದಲೇ ತೀರ್ಮಾನವಾಗಿರುತ್ತದೆ. ಬೆರಳ ತುದಿಯ ಕೂದಲೆಳೆಯ ವ್ಯತ್ಯಾಸ, ಬಳೆಯ ಅಂಚಿಗೆ ತಗುಲಿ ಪುಟಿಯುವ ಕೋನ, ಇವೆಲ್ಲ ಆಮೇಲಿನವು. ಚೆಂಡು ಕೈಬಿಟ್ಟ ಘಳಿಗೆಯಲ್ಲಿ ಎಸೆತವನ್ನು ಅಳೆಯಬೇಕು. ಬಳೆಯ ಬಳಿ ಅಳೆದರೆ ಅದೃಷ್ಟವನ್ನೂ ಸೇರಿಸಿ ತೂಗಿದಂತಾಗುತ್ತದೆ. ನಾನು ಇಂದು ಹೇಳಬೇಕೆಂದಿರುವ ಮುಖ್ಯ ಮಾತು ಇದು.

ಹಾಗಾದರೆ ಕೈಬಿಟ್ಟ ಘಳಿಗೆಯಲ್ಲಿ ಅಳೆಯುವುದು ಹೇಗೆ? ಮೊದಲ ಅಳತೆ ಸರಾಸರಿ ಬೆಲೆ. ನೂರು ಬಾರಿ ಎಸೆದರೆ 50 ಬೀಳುವ ಎರಡಂಕದ ಎಸೆತದಿಂದ 100 ಅಂಕ ಬರುತ್ತದೆ. ಮೂರರಲ್ಲಿ ಒಂದು ಮಾತ್ರ ಬೀಳುವ ಮೂರಂಕದ ಎಸೆತದಿಂದಲೂ ಅಷ್ಟೇ ಬರುತ್ತದೆ. ಹೆಚ್ಚು ತಪ್ಪುವ ಎಸೆತ ಕೆಟ್ಟದ್ದೆಂದು ಕಣ್ಣಿಗೆ ಕಂಡರೂ ಲೆಕ್ಕದಲ್ಲಿ ಎರಡೂ ಸಮ. ಎರಡನೆಯ ಅಳತೆ ಸಂದರ್ಭ. ಮೂರು ಅಂಕ ಮುಂದಿದ್ದು ಒಂದು ನಿಮಿಷ ಉಳಿದಿರುವಾಗ ಸಮಯಕ್ಕೇ ಬೆಲೆ. ಆರ್ಟೆಸ್ಟ್ ಆ ಎಸೆತದಲ್ಲಿ 22 ಸೆಕೆಂಡುಗಳನ್ನು ಎದುರಾಳಿಗೆ ದಾನ ಮಾಡಿದರು. ಅದೇ ದೂರದಿಂದ, ಅದೇ ಕೈ, ಗಡಿಯಾರದಲ್ಲಿ ಎರಡು ಸೆಕೆಂಡು ಉಳಿದಿರುವಾಗ ಎಸೆದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ.

ಈ ಕೊನೆಯ ಮಾತು ಕೋಬಿಗೂ ಅನ್ವಯಿಸುತ್ತದೆ. 22 ಸೆಕೆಂಡು ಕಾಲ ಐವರೂ ಪ್ರಯತ್ನಿಸಿ ದಾರಿ ಸಿಗದಿದ್ದಾಗ ಚೆಂಡು ಯಾರಿಗೆ ಹೋಗುತ್ತದೆ? ತಾರೆಗೆ. ಇಬ್ಬರು ಮೈಮೇಲೆ ಬಿದ್ದಿರುವಾಗ ಆತ ಎಸೆಯುತ್ತಾನೆ. ಅದು ತಪ್ಪಿದರೆ ಆತನ ಲೆಕ್ಕಕ್ಕೆ ಜಮೆಯಾಗುತ್ತದೆ, ಉಳಿದ ನಾಲ್ವರ ಸರಾಸರಿ ಶುಭ್ರವಾಗಿ ಉಳಿಯುತ್ತದೆ. 46 ಮತ್ತು 54 ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೀರ್ಪು ಕೊಡುವವರು ಇದನ್ನು ಮರೆಯುತ್ತಾರೆ. ಗಸೋಲ್ ಎಸೆತಗಳು ಸುಲಭವಾದದ್ದಕ್ಕೆ ಎದುರಾಳಿಯ ಕಣ್ಣು ಕೋಬಿಯ ಮೇಲಿದ್ದುದೂ ಒಂದು ಕಾರಣ.

ಹಾಗೆಂದು ತಾರೆಯೇ ಎಲ್ಲವನ್ನೂ ಎಸೆಯಲಿ ಎನ್ನುವುದೂ ಸರಿಯಲ್ಲ. ಇದಕ್ಕೆ ಗಣಿತದಲ್ಲಿ ಚೆಂದದ ಆಧಾರವಿದೆ. ಜರ್ಮನಿಯ ಗಣಿತಜ್ಞ ಡೀಟ್ರಿಖ್ ಬ್ರೇಸ್ 1968ರಲ್ಲಿ ರಸ್ತೆ ಸಂಚಾರದ ಬಗ್ಗೆ ಒಂದು ವಿಚಿತ್ರವನ್ನು ತೋರಿಸಿದ್ದರು: ಪ್ರತಿಯೊಬ್ಬ ಚಾಲಕನೂ ತನಗೆ ಬೇಗ ತಲುಪಿಸುವ ದಾರಿಯನ್ನೇ ಹಿಡಿದರೆ, ಹೊಸ ರಸ್ತೆಯೊಂದು ತೆರೆದುದರಿಂದ ಎಲ್ಲರೂ ತಡವಾಗಿ ತಲುಪುವುದೂ ಸಾಧ್ಯ. ಅಮೆರಿಕದ ಭೌತವಿಜ್ಞಾನಿ ಬ್ರಯನ್ ಸ್ಕಿನ್ನರ್ 2010ರಲ್ಲಿ ಈ ವಿಚಾರವನ್ನು ಬ್ಯಾಸ್ಕೆಟ್‌ಬಾಲಿಗೆ ಅನ್ವಯಿಸಿ ಒಂದು ಪ್ರಬಂಧ ಪ್ರಕಟಿಸಿದರು. ಅವರ ದೃಷ್ಟಿಯಲ್ಲಿ ಆಟಗಾರ ಒಂದು ರಸ್ತೆ. ಹೆಚ್ಚು ಬಳಸಿದಷ್ಟೂ ದಟ್ಟಣೆ ಹೆಚ್ಚಿ, ಅವನಿಂದ ಸಿಗುವ ಫಲ ಕಡಿಮೆಯಾಗುತ್ತದೆ.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಕಾಗದ, ಪೆನ್ಸಿಲ್ ಇದ್ದರೆ ನೀವೂ ಮಾಡಬಹುದು. ತಂಡಕ್ಕೆ 100 ಎಸೆತ. ಸಾಧಾರಣ ಆಟಗಾರರು ಎಸೆದ ಅರ್ಧ ಯಾವಾಗಲೂ ಬೀಳುತ್ತದೆ ಎನ್ನಿ. ತಾರೆ 50 ಎಸೆದರೆ ಅವನದು ನೂರಕ್ಕೆ 75ರ ದರದಲ್ಲಿ ಬೀಳುತ್ತದೆ. 80 ಎಸೆದರೆ ಎದುರಾಳಿ ಅವನನ್ನು ಮುತ್ತಿಕೊಳ್ಳುವುದರಿಂದ ದರ 60ಕ್ಕೆ ಇಳಿಯುತ್ತದೆ. ನೂರನ್ನೂ ಅವನೇ ಎಸೆದರೆ 50ಕ್ಕೆ ಇಳಿಯುತ್ತದೆ. ಈಗ ಕೂಡಿಸಿ. ತಾರೆ 50 ಎಸೆದಾಗ ಅವನಿಂದ 37.5, ಉಳಿದವರಿಂದ 25, ಒಟ್ಟು 62.5. ತಾರೆ 80 ಎಸೆದಾಗ ಅವನಿಂದ 48, ಉಳಿದವರಿಂದ 10, ಒಟ್ಟು 58. ಎಲ್ಲವನ್ನೂ ಅವನೇ ಎಸೆದರೆ ಬರೀ 50.

ಇದರಲ್ಲಿ ಎರಡು ವಿಷಯಗಳನ್ನು ಗಮನಿಸಿ. ತಾರೆಯ ಸ್ವಂತ ಗಳಿಕೆ 37.5ರಿಂದ 48ಕ್ಕೆ, 48ರಿಂದ 50ಕ್ಕೆ ಏರುತ್ತಲೇ ಹೋಯಿತು. ಮರುದಿನದ ಪತ್ರಿಕೆಯಲ್ಲಿ ಅವನ ಹೆಸರು ಇನ್ನಷ್ಟು ದಪ್ಪ ಅಕ್ಷರದಲ್ಲಿ ಬರುತ್ತದೆ. ತಂಡದ ಗಳಿಕೆ ಮಾತ್ರ ಇಳಿಯುತ್ತಲೇ ಹೋಯಿತು. ಎರಡನೆಯದಾಗಿ, 80 ಎಸೆಯುವಾಗಲೂ ಅವನ ದರ 60, ಉಳಿದವರದು 50. ‘ಉಳಿದವರಿಗಿಂತ ಇವನೇ ಮೇಲಲ್ಲವೆ, ಇವನೇ ಎಸೆಯಲಿ’ ಎಂಬ ವಾದಕ್ಕೆ ಅಂಕಿಯ ಬೆಂಬಲವಿದೆ. ಆದರೂ ಅದು ತಪ್ಪು. ಯಾರ ಸರಾಸರಿ ಹೆಚ್ಚು ಎಂದು ಕೇಳಿದರೆ ಸಾಲದು. ಇನ್ನೊಂದು ಎಸೆತವನ್ನು ಅವನಿಗೆ ಕೊಟ್ಟರೆ ಒಟ್ಟು ಮೊತ್ತ ಏರುತ್ತದೆಯೇ ಇಳಿಯುತ್ತದೆಯೇ ಎಂದು ಕೇಳಬೇಕು. ಪಾತ್ರ ಎಂದರೆ ಇದೇ. ಪ್ರತಿಭೆ ಒಬ್ಬನದು; ಪಾತ್ರ ಉಳಿದ ನಾಲ್ವರನ್ನು ಅವಲಂಬಿಸಿರುವಂಥದು.

ಅಭಿಮಾನಿಗಳ ಇನ್ನೊಂದು ಮೆಚ್ಚಿನ ವಾದ ‘ಕೈ ಕುದುರಿದೆ’ ಎಂಬುದು. ನಾಲ್ಕು ಸತತವಾಗಿ ಬಿದ್ದಿವೆ, ಐದನೆಯದನ್ನೂ ಅವನಿಗೇ ಕೊಡಿ! 1985ರಲ್ಲಿ ಥಾಮಸ್ ಗಿಲೋವಿಚ್, ರಾಬರ್ಟ್ ವ್ಯಾಲೋನ್ ಮತ್ತು ಏಮಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದರು. ಅವರು ವಿಚಾರಿಸಿದ ನೂರು ಅಭಿಮಾನಿಗಳಲ್ಲಿ 91 ಮಂದಿ ಈ ಕುದುರುವಿಕೆಯನ್ನು ನಂಬಿದ್ದರು. ಆದರೆ ಫಿಲಡೆಲ್ಫಿಯಾ ತಂಡದ ಎಸೆತಗಳ ದಾಖಲೆಯಲ್ಲಿ ಅದರ ಸುಳಿವು ಸಿಗಲಿಲ್ಲ. ಅಭಿಮಾನಿಗಳದು ಬರೀ ಭ್ರಮೆ ಎಂದು ಮೂರು ದಶಕಗಳ ಕಾಲ ಪಾಠ ಹೇಳಲಾಯಿತು.

2018ರಲ್ಲಿ ಜೋಶುವಾ ಮಿಲ್ಲರ್ ಮತ್ತು ಆಡಂ ಸಂಜುರ್ಹೊ ಎಂಬ ಅರ್ಥಶಾಸ್ತ್ರಜ್ಞರು ಆ ಪರೀಕ್ಷೆಯ ಲೆಕ್ಕದಲ್ಲೇ ಒಂದು ಸೂಕ್ಷ್ಮ ಓರೆಯಿತ್ತೆಂದು ತೋರಿಸಿದರು. ಒಂದು ನಾಣ್ಯವನ್ನು ಮೂರು ಬಾರಿ ಚಿಮ್ಮಿ ಬರೆದುಕೊಳ್ಳಿ. ಒಟ್ಟು ಎಂಟು ಬಗೆಯ ಸಾಲುಗಳು ಸಾಧ್ಯ. ಪ್ರತಿ ಸಾಲಿನಲ್ಲೂ, ತಲೆ ಬಿದ್ದ ಮರುಕ್ಷಣ ಮತ್ತೆ ತಲೆ ಬಿದ್ದ ಪ್ರಮಾಣ ಎಷ್ಟೆಂದು ನೋಡಿ. ಮೊದಲೆರಡು ಚಿಮ್ಮುಗಳಲ್ಲಿ ತಲೆಯೇ ಬೀಳದ ಎರಡು ಸಾಲು ಲೆಕ್ಕಕ್ಕಿಲ್ಲ. ಉಳಿದ ಆರು ಸಾಲುಗಳ ಸರಾಸರಿ ತೆಗೆದರೆ ಅರ್ಧ ಬರಬೇಕಲ್ಲವೆ? ಬರುವುದು ಹನ್ನೆರಡರಲ್ಲಿ ಐದು, ಅಂದರೆ ನೂರಕ್ಕೆ ಸುಮಾರು 42. ಸಣ್ಣ ಸಾಲುಗಳಲ್ಲಿ ಈ ಇಳಿಕೆ ತಾನಾಗಿಯೇ ಬರುತ್ತದೆ. ಅದನ್ನು ಸರಿಪಡಿಸಿ ಹಳೆಯ ಅಂಕಿಗಳನ್ನು ನೋಡಿದಾಗ ಕೈ ಕುದುರುವುದಕ್ಕೆ ಆಧಾರ ಕಂಡಿತು. ಅಭಿಮಾನಿಗಳನ್ನು ಮೂಢರೆಂದು ತಳ್ಳಿಹಾಕುವ ಮೊದಲು ವಿಜ್ಞಾನಿಗಳೂ ತಮ್ಮ ತಕ್ಕಡಿಯನ್ನು ನೋಡಿಕೊಳ್ಳಬೇಕಾಯಿತು. ಆದರೆ ಅಭಿಮಾನಿಗಳಿಗೂ ಒಂದು ಎಚ್ಚರಿಕೆ: ಕೈ ಕುದುರಿದವನ ಮೇಲೆ ಇಬ್ಬರು ಬಂದು ಬೀಳುತ್ತಾರೆ, ಅವನೂ ಉತ್ಸಾಹದಲ್ಲಿ ಇನ್ನೂ ದೂರದಿಂದ ಎಸೆಯತೊಡಗುತ್ತಾನೆ. ಕೈ ಕುದುರಿದ್ದರೂ ಎಸೆತ ಕೆಡಬಹುದು.

ಈಗ ಆ ಋತುವಿನ ಕೊನೆಯ ಪಂದ್ಯ. 2010ರ ಜೂನ್ 17ರ ಸಂಜೆ, ನಮ್ಮಲ್ಲಿ ಜೂನ್ 18ರ ಬೆಳಗ್ಗೆ. ಎದುರಾಳಿ ಬಾಸ್ಟನ್ ಸೆಲ್ಟಿಕ್ಸ್. ಸರಣಿ 3-3. ಕೋಬಿ ಅಂದು 24 ಬಾರಿ ಎಸೆದರು, ಬಿದ್ದದ್ದು ಆರು. ಮೊದಲ ಪಂಗಡದವರು ಹೆದರಿದ್ದೆಲ್ಲ ಕಣ್ಣೆದುರಿಗೆ ನಡೆಯುತ್ತಿತ್ತು. ಒಂದು ಹಂತದಲ್ಲಿ ತಂಡ 13 ಅಂಕ ಹಿಂದಿತ್ತು. ಇಡೀ ಲೇಕರ್ಸ್ ತಂಡ 83 ಎಸೆದು ಬೀಳಿಸಿದ್ದು 27 ಮಾತ್ರ. ಬಾಸ್ಟನ್ 71ರಲ್ಲಿ 29. ಆದರೂ ಗೆದ್ದದ್ದು ಲೇಕರ್ಸ್, 83-79ರಿಂದ.

ಹೇಗೆ? 83 ಮತ್ತು 71 ಎಂಬ ಅಂಕಿಗಳನ್ನು ಮತ್ತೆ ನೋಡಿ. ಹನ್ನೆರಡು ಎಸೆತ ಹೆಚ್ಚು ದೊರೆತದ್ದು ಎಲ್ಲಿಂದ? ತಪ್ಪಿ ಪುಟಿದ ತಮ್ಮ ಚೆಂಡನ್ನು ಲೇಕರ್ಸ್ ಆಟಗಾರರು 23 ಬಾರಿ ಮರಳಿ ಹಿಡಿದರು. ಬಾಸ್ಟನ್ ಎಂಟು ಬಾರಿ. ಗಸೋಲ್ ಒಟ್ಟು 18 ಚೆಂಡು ಹಿಡಿದರು. ಎಸೆತ ಕೈಕೊಟ್ಟಿದ್ದ ಕೋಬಿ ತಾವೇ 15 ಹಿಡಿದರು. ಕರ್ಕ್ ಗೋಲ್ಡ್ಸ್‌ಬೆರಿ ಎಂಬ ಭೂಗೋಳತಜ್ಞರು 2012ರಲ್ಲಿ ಈ ಅಂಶಕ್ಕೆ ಒಂದು ಹೆಸರನ್ನೇ ಕೊಟ್ಟರು: ‘ಕೋಬಿ ಅಸಿಸ್ಟ್’. ತಾರೆಯ ತಪ್ಪಿದ ಎಸೆತವನ್ನು ಜೊತೆಗಾರ ಹಿಡಿದು ಬುಟ್ಟಿಗೆ ಹಾಕುವುದೂ ಒಂದು ಬಗೆಯ ನೆರವೇ, ತಪ್ಪಿದ ಎಸೆತಗಳೆಲ್ಲ ಒಂದೇ ಬೆಲೆಯವಲ್ಲ ಎಂಬುದು ಅವರ ಅಭಿಪ್ರಾಯ. ಎಸೆಯುವವನ ಪಾತ್ರದ ಬಗ್ಗೆ ಗಂಟೆಗಟ್ಟಲೆ ವಾದಿಸುವ ನಾವು ಹಿಡಿಯುವವನ ಪಾತ್ರವನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ.

ಕೊನೆಯ ಒಂದು ನಿಮಿಷ. ಲೇಕರ್ಸ್ 76-73ರಿಂದ ಮುಂದಿದೆ. ಚೆಂಡು ಕೋಬಿಯ ಕೈಯಲ್ಲಿ. ಎದುರಾಳಿಗಳು ಅವರತ್ತ ಸರಿದರು. ಕೋಬಿ ಎಸೆಯದೆ ಪಾಸ್ ಮಾಡಿದರು. ಚೆಂಡು ಹೋದದ್ದು ಆರ್ಟೆಸ್ಟ್ ಅವರಿಗೆ. ಯಾರು ದೂರದಿಂದ ಎಸೆಯಬಾರದೆಂದು ಮೂರನೆಯ ಪಂಗಡದವರು ವರ್ಷವಿಡೀ ಕೂಗಿದ್ದರೋ ಅವರು ಮೂರಂಕದ ಗೆರೆಯಿಂದ ಎಸೆದರು. ಬಿತ್ತು. 79-73. ಅಂದು ಆರ್ಟೆಸ್ಟ್ ಗಳಿಸಿದ್ದು 20 ಅಂಕ. ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಕೋಬಿಗೆ ಸಂದಿತು.

ಮೂರು ಪಂಗಡಗಳಲ್ಲಿ ಗೆದ್ದವರು ಯಾರು? ಇಲ್ಲಿ ನಾನು ತೀರ್ಪು ಕೊಟ್ಟರೆ ನಾನೂ ಬಾಲ ಹಿಡಿದಂತಾಗುತ್ತದೆ. ಆರ್ಟೆಸ್ಟ್ ಅವರ ಎಸೆತ ಬಿತ್ತೆಂಬ ಕಾರಣಕ್ಕೆ ಅದು ಸರಿಯಾದ ಎಸೆತವೆಂದು ಹೇಳಲಾಗದು. ಎದುರಿಗೆ ಬಾಸ್ಟನ್ ಆಟಗಾರ ಕೈಯೆತ್ತಿ ಬರುತ್ತಿದ್ದರು. ಅದರ ಬಗ್ಗೆ ಇಂದಿಗೂ ವಾದಿಸಬಹುದು. ಆದರೆ ಕೋಬಿಯ ಪಾಸ್ ಬಗ್ಗೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಅದು ಬುಟ್ಟಿಗೆ ಬೀಳದೆ ಹೋಗಿದ್ದರೂ ಒಳ್ಳೆಯ ನಿರ್ಧಾರವೇ. ಇಬ್ಬರು ತನ್ನತ್ತ ಬಂದಾಗ ಒಬ್ಬ ಜೊತೆಗಾರ ಬಿಡುವಾಗಿರುತ್ತಾನೆ ಎಂಬ ಲೆಕ್ಕದ ಮೇಲೆ ಅದು ನಿಂತಿತ್ತು.

ಟೆಲಿವಿಷನ್ ಮಾಧ್ಯಮದಲ್ಲಿ ದುಡಿಯುವವನಾಗಿ ಒಂದು ವಿಷಯ ಹೇಳಲೇಬೇಕು. ನಮ್ಮ ಕ್ಯಾಮೆರಾ ಚೆಂಡನ್ನು ಹಿಂಬಾಲಿಸುತ್ತದೆ. ಎಸೆತದ ಬಳಿಕ ನಿಧಾನಗತಿಯಲ್ಲಿ ಮತ್ತೆ ತೋರಿಸುವುದು ಚೆಂಡು ಬಳೆಯೊಳಗೆ ಇಳಿಯುವ ಚಿತ್ರವನ್ನೇ. ಆ ಹೊತ್ತಿನಲ್ಲಿ ಇನ್ನೊಂದು ಮೂಲೆಯಲ್ಲಿ ಒಬ್ಬ ಆಟಗಾರ ಖಾಲಿ ನಿಂತು ಕೈಯೆತ್ತಿದ್ದನೇ, ಬಳೆಯ ಕೆಳಗೆ ಇನ್ನೊಬ್ಬ ಭುಜ ಕೊಟ್ಟು ಜಾಗ ಹಿಡಿದಿದ್ದನೇ ಎಂಬುದು ಚೌಕಟ್ಟಿನಿಂದ ಹೊರಗೇ ಉಳಿಯುತ್ತದೆ. ಎಸೆತದ ಆಯ್ಕೆಯನ್ನು ತೂಗಲು ಬೇಕಾದ ಸಾಕ್ಷ್ಯ ಬಹುಮಟ್ಟಿಗೆ ಪರದೆಯ ಆಚೆ ಇರುತ್ತದೆ. ಆದುದರಿಂದ ಪರದೆ ನೋಡಿ ವಾದಿಸುವವರು ಸ್ವಲ್ಪ ಸೌಜನ್ಯ ಇಟ್ಟುಕೊಳ್ಳುವುದು ಒಳ್ಳೆಯದು.

ಹಾಗಾದರೆ ವಾದವೇ ಬೇಡವೆ? ಬೇಕು. ಆಟದ ರುಚಿಯಲ್ಲಿ ಅರ್ಧ ಇರುವುದೇ ವಾದದಲ್ಲಿ. ಆದರೆ ವಾದಕ್ಕೆ ಮುಂಚೆ ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ. ಗಡಿಯಾರದಲ್ಲಿ ಎಷ್ಟು ಸಮಯವಿತ್ತು? ಅಂಕಗಳ ಅಂತರ ಎಷ್ಟಿತ್ತು? ಅವನು ಎಸೆಯದಿದ್ದರೆ ಬೇರೆ ಯಾರಿಗೆ ಯಾವ ಎಸೆತ ಸಿಗುತ್ತಿತ್ತು? ತಪ್ಪಿದರೆ ಚೆಂಡನ್ನು ಹಿಡಿಯಲು ಯಾರು ಎಲ್ಲಿದ್ದರು? ಇವಕ್ಕೆ ಉತ್ತರ ಹೇಳಿದ ಮೇಲೆ ‘ಬಿತ್ತೇ?’ ಎಂದು ಕೇಳಿದರೆ ಸಾಕು.

ಇದು ದೂರದ ದೇಶದ ಕೋಟಿ ಸಂಪಾದಿಸುವ ಆಟಗಾರರ ಮಾತಷ್ಟೇ ಆಗಿದ್ದರೆ ನಿಮ್ಮ ಇಷ್ಟು ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮ ಶಾಲೆಗಳ ಅಂಗಳದಲ್ಲೂ ಬ್ಯಾಸ್ಕೆಟ್‌ಬಾಲ್ ಕಂಬಗಳಿವೆ. ಸರಿಯಾದ ಜಾಗದಲ್ಲಿ ನಿಂತು, ಸರಿಯಾದ ಹೊತ್ತಿನಲ್ಲಿ ಎಸೆದ ಹುಡುಗಿಯ ಚೆಂಡು ಬಳೆಯ ಅಂಚಿಗೆ ಬಡಿದು ಹೊರಗೆ ಹಾರುತ್ತದೆ. ಅಂಚಿನಲ್ಲಿ ನಿಂತವರು ‘ಯಾಕಮ್ಮ ಎಸೆದೆ?’ ಎಂದು ಗದರುತ್ತಾರೆ. ಇನ್ನೊಬ್ಬಳು ಕಣ್ಣುಮುಚ್ಚಿ ಎಸೆದದ್ದು ಬೀಳುತ್ತದೆ, ಚಪ್ಪಾಳೆ. ಇಬ್ಬರಿಗೂ ಅಂದು ತಪ್ಪು ಪಾಠವಾಯಿತು. ಮೊದಲನೆಯವಳು ಇನ್ನು ಮುಂದೆ ಚೆಂಡು ಬಂದೊಡನೆ ಬೇರೆಯವರಿಗೆ ದಾಟಿಸಿ ಕೈತೊಳೆದುಕೊಳ್ಳುತ್ತಾಳೆ. ಎರಡನೆಯವಳು ಮತ್ತೆ ಕಣ್ಣುಮುಚ್ಚುತ್ತಾಳೆ. ತರಬೇತುದಾರರೂ ತಂದೆತಾಯಂದಿರೂ ಚೆಂಡು ಗಾಳಿಯಲ್ಲಿರುವಾಗಲೇ, ಅದು ಬಳೆ ಮುಟ್ಟುವ ಮೊದಲೇ ‘ಒಳ್ಳೆಯ ಎಸೆತ’ ಎಂದು ಹೇಳುವ ಅಭ್ಯಾಸ ಮಾಡಿಕೊಳ್ಳಲಿ. ಹಾಗೆ ಹೇಳಲು ಸಿಗುವುದು ಒಂದೇ ಸೆಕೆಂಡು. ಮಕ್ಕಳಿಗೆ ಅದು ಸಾಕು.